ಕರಾಚಿಯನ್ನು ಬಲ್ಲ ಅಡ್ಮಿರಲ್: ಎಸ್.ಎಂ. ನಂದಾ

ಭಾರತೀಯ ನೌಕಾಪಡೆಯು ಪ್ರತಿ ವರ್ಷ ಡಿಸೆಂಬರ್ 4ನ್ನು ನೌಕಾಪಡೆ ದಿನವನ್ನಾಗಿ ಆಚರಿಸುತ್ತದೆ. 1971ರ ಆ ರಾತ್ರಿ ಮೂರು ಪುಟ್ಟ ಕ್ಷಿಪಣಿ ದೋಣಿಗಳು ಕರಾಚಿ ಬಂದರಿನ ಹೊಸ್ತಿಲಿಗೇ ನುಗ್ಗಿ ದಾಳಿ ನಡೆಸಿದ ನೆನಪಿಗೆ ಈ ಆಚರಣೆ. ದಾಳಿಯ ನಿರ್ಧಾರ ಕೈಗೊಂಡು ಅದರ ಹೊಣೆ ಹೊತ್ತವರು ಅಂದಿನ ನೌಕಾಪಡೆ ಮುಖ್ಯಸ್ಥ ಅಡ್ಮಿರಲ್ ಸರ್ದಾರಿಲಾಲ್ ಮಥರಾದಾಸ್ ನಂದಾ.

1915ರಲ್ಲಿ ಜನಿಸಿದ ನಂದಾ ಅವರ ಬಾಲ್ಯ ಕಳೆದದ್ದು ಕರಾಚಿ ಬಂದರಿನ ಬಾಯಿಯಲ್ಲೇ ಇರುವ ಮನೋರಾದಲ್ಲಿ. ಮೊದಲು ನೌಕರಿ ಮಾಡಿದ್ದು ಕರಾಚಿ ಪೋರ್ಟ್ ಟ್ರಸ್ಟ್‌ನಲ್ಲಿ. ಎರಡನೇ ಮಹಾಯುದ್ಧ ನಡೆಯುತ್ತಿದ್ದಾಗ, 1941ರಲ್ಲಿ, ಅವರು ರಾಯಲ್ ಇಂಡಿಯನ್ ನೇವಿಯ ಸ್ವಯಂಸೇವಾ ಮೀಸಲು ಪಡೆಗೆ ಸೇರಿದರು. ದೇಶ ವಿಭಜನೆಯಾದಾಗ ಹುಟ್ಟೂರಿನಂತಿದ್ದ ಬಂದರು ಪರದೇಶದ ಪಾಲಾಯಿತು. ಆ ಬಂದರಿನ ಆಳ, ಅಗಲ, ಒಳಹೊರಗು ಮಾತ್ರ ಅವರ ನೆನಪಿನಲ್ಲಿ ಉಳಿದುಕೊಂಡವು.

ಸ್ವಾತಂತ್ರ್ಯಾನಂತರ ಭಾರತ ಪಡೆದ ಮೊದಲ ಕ್ರೂಸರ್ ‘ಐಎನ್ಎಸ್ ದೆಹಲಿ’ಯಲ್ಲಿ ನಂದಾ ಫಸ್ಟ್ ಲೆಫ್ಟಿನೆಂಟ್ ಆಗಿದ್ದರು. ಎರಡನೆಯ ಕ್ರೂಸರ್ ಬಂದಾಗ ಅದರ ಮೊದಲ ಕ್ಯಾಪ್ಟನ್ ಆಗುವ ಅವಕಾಶ ಅವರಿಗೆ ಒದಗಿತು. ಕನ್ನಡಿಗರಿಗೆ ಈ ನೌಕೆಯ ಹೆಸರು ಆಪ್ತವಾದುದು: ‘ಐಎನ್ಎಸ್ ಮೈಸೂರ್’. ಮಹಾಯುದ್ಧದಲ್ಲಿ ಹೋರಾಡಿದ್ದ ಬ್ರಿಟನ್ನಿನ ‘ನೈಜೀರಿಯಾ’ ಎಂಬ ಹಡಗನ್ನು ಭಾರತ ಖರೀದಿಸಿತು. ಬರ್ಕನ್‌ಹೆಡ್‌ನಲ್ಲಿ ದುರಸ್ತಿಗೊಂಡ ಅದು 1957ರ ಆಗಸ್ಟ್ 29ರಂದು ಮೈಸೂರಿನ ಹೆಸರು ಹೊತ್ತು ಸೇವೆಗೆ ಸೇರಿತು. ಹಲವು ವರ್ಷ ನೌಕಾ ತಂಡದ ಧ್ವಜನೌಕೆಯಾಗಿದ್ದು, 1985ರಲ್ಲಿ ನಿವೃತ್ತವಾಯಿತು. ಅದೇ ಹೆಸರನ್ನು ಪಡೆದ ವಿಧ್ವಂಸಕ ನೌಕೆ 1999ರ ಜೂನ್ 2ರಂದು ಸೇವೆಗೆ ಸೇರಿತು. ಅದರ ಲಾಂಛನದಲ್ಲಿರುವುದು ಮೈಸೂರು ಅರಸರ ಗಂಡಭೇರುಂಡ.

ಅರವತ್ತರ ದಶಕದ ಆರಂಭದಲ್ಲಿ ನಂದಾ ಮುಂಬೈಯ ಮಜಗಾಂವ್ ಡಾಕ್ ಹಡಗುಕಟ್ಟೆಯ ವ್ಯವಸ್ಥಾಪಕ ನಿರ್ದೇಶಕರಾದರು. ಯುದ್ಧನೌಕೆಗಳನ್ನು ವಿದೇಶದಿಂದ ಕೊಳ್ಳುವುದರ ಜೊತೆಗೆ ಇಲ್ಲಿಯೇ ಕಟ್ಟಬೇಕೆಂಬ ಯೋಚನೆ ಗಟ್ಟಿಗೊಳ್ಳುತ್ತಿದ್ದ ಕಾಲ ಅದು. ಅಲ್ಲಿ ನಿರ್ಮಾಣಗೊಂಡ ಮೊದಲ ಫ್ರಿಗೇಟ್ ‘ನೀಲಗಿರಿ’ 1972ರ ಜೂನ್ 3ರಂದು ಸೇವೆಗೆ ಸೇರಿದಾಗ ನೌಕಾಪಡೆಯ ಮುಖ್ಯಸ್ಥರ ಕುರ್ಚಿಯಲ್ಲಿದ್ದವರು ಅವರೇ.

ದ್ವಾರಕೆಯ ಗಾಯ

1971ರ ನಂದಾ ಅರ್ಥವಾಗಬೇಕಾದರೆ 1965ನ್ನು ನೆನೆಯಬೇಕು. ಆ ವರ್ಷದ ಸೆಪ್ಟೆಂಬರ್ 7ರ ರಾತ್ರಿ ಪಾಕಿಸ್ತಾನದ ಏಳು ಯುದ್ಧನೌಕೆಗಳು ದ್ವಾರಕೆಯ ಮೇಲೆ ಗುಂಡಿನ ಮಳೆಗರೆದು ಹಿಂದಿರುಗಿದವು. ಆದ ಹಾನಿ ಅಲ್ಪ, ಅವಮಾನ ದೊಡ್ಡದು. ವಿಮಾನವಾಹಕ ನೌಕೆ ‘ವಿಕ್ರಾಂತ್’ ಆಗ ಮುಂಬೈಯಲ್ಲಿ ದುರಸ್ತಿಯಲ್ಲಿತ್ತು. ಪೋರಬಂದರಿಗಿಂತ ಉತ್ತರಕ್ಕೆ ಹೋಗಿ ಕಾದಾಡಬಾರದು ಎಂಬ ಕಟ್ಟಪ್ಪಣೆ ಸರ್ಕಾರದಿಂದ ಬಂದಿತ್ತು. ಯುದ್ಧವನ್ನು ಸಮುದ್ರಕ್ಕೆ ವಿಸ್ತರಿಸುವುದು ದೆಹಲಿಗೆ ಬೇಕಿರಲಿಲ್ಲ. ಭೂಸೇನೆ, ವಾಯುಪಡೆಗಳು ಹೋರಾಡಿದ ಯುದ್ಧದಲ್ಲಿ ನೌಕಾಪಡೆ ಕೈಕಟ್ಟಿ ಕೂರಬೇಕಾಯಿತು. ಯುದ್ಧ ಬಂದಾಗ ಬಳಸದ ಪಡೆಗೆ ಹಣ ಸುರಿಯುವುದೇಕೆ ಎಂದು ಯಾರಾದರೂ ಕೇಳಿದ್ದರೆ ಉತ್ತರಿಸುವುದು ಕಷ್ಟವಿತ್ತು.

ನೌಕಾ ತಂಡದ ನಾಯಕತ್ವ ವಹಿಸಿದ ನಂದಾ, ಬಳಿಕ ಪಶ್ಚಿಮ ನೌಕಾ ಕಮಾಂಡ್‌ನ ಮುಖ್ಯಸ್ಥರಾದರು. 1969ರಲ್ಲಿ ಮುಂಬೈಯ ‘ಬ್ಲಿಟ್ಜ್’ ವಾರಪತ್ರಿಕೆಗೆ ನೀಡಿದ ಸಂದರ್ಶನದಲ್ಲಿ ಅವರು, ತಾವು ಬದುಕು ಆರಂಭಿಸಿದ್ದೇ ಕರಾಚಿಯಲ್ಲಿ, ಬಂದರಿನ ಮೂಲೆ ಮೂಲೆಯೂ ಗೊತ್ತು, ಅವಕಾಶ ಸಿಕ್ಕರೆ ಏಷ್ಯಾದಲ್ಲಿಯೇ ದೊಡ್ಡ ಬೆಂಕಿಯನ್ನು ಅಲ್ಲಿ ಹಚ್ಚುವುದಾಗಿ ಹೇಳಿದ್ದರು. ಸೇವೆಯಲ್ಲಿದ್ದ ಅಧಿಕಾರಿಯೊಬ್ಬರು ಆಡಬಹುದಾದ ಮಾತೇ ಇದು ಎಂಬ ಪ್ರಶ್ನೆ ಏಳಬಹುದು. ಆದರೆ ಬಾಯಿಮಾತಿನ ಹಿಂದೆ ಲೆಕ್ಕಾಚಾರವೂ ಇತ್ತೆಂಬುದು ಎರಡೇ ವರ್ಷಗಳಲ್ಲಿ ಸಾಬೀತಾಯಿತು.

1970ರ ಫೆಬ್ರುವರಿ 28ರಂದು ಅವರು ನೌಕಾಪಡೆಯ ಮುಖ್ಯಸ್ಥರಾದರು. ಆರ್.ಡಿ. ಕಟಾರಿ, ಬಿ.ಎಸ್. ಸೋಮನ್ ಹಾಗೂ ಎ.ಕೆ. ಚಟರ್ಜಿ ಅವರ ನಂತರ ಆ ಹುದ್ದೆಗೇರಿದ ನಾಲ್ಕನೇ ಭಾರತೀಯರು ಅವರು. ಯುದ್ಧದ ಮೋಡ ಕವಿಯುತ್ತಿದ್ದಂತೆ ಪ್ರಧಾನಿ ಇಂದಿರಾ ಗಾಂಧಿ ಅವರನ್ನು ಕಂಡ ನಂದಾ, ಕರಾಚಿಯ ಮೇಲೆ ದಾಳಿ ಮಾಡಿದರೆ ಸರ್ಕಾರಕ್ಕೆ ರಾಜಕೀಯ ಅಡ್ಡಿಯೇನಾದರೂ ಇದೆಯೇ ಎಂದು ನೇರವಾಗಿ ಪ್ರಶ್ನಿಸಿದರು. ಹೀಗೇಕೆ ಕೇಳುತ್ತೀರೆಂದು ಪ್ರಧಾನಿ ಕೇಳಿದಾಗ 1965ರ ಕಟ್ಟಪ್ಪಣೆಯನ್ನು ನೆನಪಿಸಿದರು. ಯುದ್ಧ ಎಂದ ಮೇಲೆ ಯುದ್ಧವೇ ಎಂಬ ಧಾಟಿಯ ಉತ್ತರ ಬಂದಿತು. ನಂದಾ ಅವರ ವೃತ್ತಿಜೀವನದ ನಿರ್ಣಾಯಕ ಗಳಿಗೆ ಬಹುಶಃ ಇದೇ. ಹಿಂದಿನ ಬಾರಿ ಯುದ್ಧ ಶುರುವಾದ ಮೇಲೆ ಎದುರಾದ ನಿರ್ಬಂಧವನ್ನು ಅವರು ಈ ಬಾರಿ ಯುದ್ಧಕ್ಕೆ ಮೊದಲೇ ನಿವಾರಿಸಿಕೊಂಡರು.

ಎಳೆದೊಯ್ದ ದೋಣಿಗಳು

ಬಳಸಿದ ಆಯುಧವೂ ವಿಶೇಷವಾದುದು. ಸೋವಿಯತ್ ಒಕ್ಕೂಟದಿಂದ ಖರೀದಿಸಿದ ‘ಓಸಾ’ ವರ್ಗದ ಎಂಟು ದೋಣಿಗಳು 1971ರ ಆರಂಭದಲ್ಲಿ ಭಾರತ ತಲುಪಿದವು. ಒಂದೊಂದರಲ್ಲಿ ನಾಲ್ಕು ಸ್ಟಿಕ್ಸ್ ಕ್ಷಿಪಣಿಗಳು. ವೇಗ ಅಪಾರ, ಆದರೆ ಇಂಧನ ಕಡಿಮೆ. ಸ್ವಂತ ಕರಾವಳಿಯನ್ನು ಕಾಯಲೆಂದೇ ರೂಪಿಸಿದ ದೋಣಿಗಳಿವು. ಅಷ್ಟು ಭಾರ ಇಳಿಸುವ ಕ್ರೇನ್ ಮುಂಬೈಯಲ್ಲಿ ಇರಲಿಲ್ಲವಾದ್ದರಿಂದ ಅವುಗಳನ್ನು ಕೋಲ್ಕತ್ತದಲ್ಲಿ ಇಳಿಸಿ, ಹಡಗುಗಳಿಗೆ ಕಟ್ಟಿ ಪಶ್ಚಿಮ ಕರಾವಳಿಗೆ ಎಳೆದು ತರಲಾಯಿತು. ಮುಂಬೈವರೆಗೆ ಎಳೆದು ತರಬಹುದಾದರೆ ಕರಾಚಿಯ ಸಮೀಪಕ್ಕೆ ಎಳೆದೊಯ್ಯಲು ಏಕಾಗದು ಎಂಬ ಯೋಚನೆ ಇಲ್ಲಿಂದ ಬೆಳೆಯಿತು. ಕಾವಲಿನ ದೋಣಿ ದಾಳಿಯ ದೋಣಿಯಾಯಿತು.

ಡಿಸೆಂಬರ್ 4ರ ರಾತ್ರಿಯ ‘ಆಪರೇಷನ್ ಟ್ರೈಡೆಂಟ್’ನಲ್ಲಿ ನಿರ್ಘಾತ್, ನಿಪಾತ್ ಮತ್ತು ವೀರ್ ದೋಣಿಗಳು ಕಮಾಂಡರ್ ಬಬ್ರೂ ಭಾನ್ ಯಾದವ್ ನೇತೃತ್ವದಲ್ಲಿ ಸಾಗಿದವು. ಕಿಲ್ತಾನ್ ಮತ್ತು ಕಚ್ಚಾಲ್ ನೌಕೆಗಳು ಬೆಂಗಾವಲಿಗಿದ್ದವು. ಪಾಕಿಸ್ತಾನದ ವಿಧ್ವಂಸಕ ನೌಕೆ ‘ಖೈಬರ್’, ಸುರುಳಿಬಾಂಬು ಶೋಧಕ ‘ಮುಹಾಫಿಜ್’ ಹಾಗೂ ‘ವೀನಸ್ ಚಾಲೆಂಜರ್’ ಎಂಬ ಸರಕು ಹಡಗು ಮುಳುಗಿದವು. ಕ್ಷಿಪಣಿ ಎಂಬುದೇ ಆ ಸಮುದ್ರಕ್ಕೆ ಹೊಸದು. ತಮ್ಮ ಮೇಲೆ ವಿಮಾನ ದಾಳಿಯಾಗುತ್ತಿದೆ ಎಂದು ಖೈಬರ್‌ನವರು ಭಾವಿಸಿದ್ದರು. ಡಿಸೆಂಬರ್ 8ರ ರಾತ್ರಿ ‘ವಿನಾಶ್’ ದೋಣಿ ಎರಡನೇ ದಾಳಿ ನಡೆಸಿತು. ಎರಡೂ ದಾಳಿಗಳಲ್ಲಿ ಭಾರತದ ಒಂದು ದೋಣಿಯೂ ನಷ್ಟವಾಗಲಿಲ್ಲ. ಕೇಮಾರಿಯ ತೈಲ ಸಂಗ್ರಹಾಗಾರಗಳು ಹೊತ್ತಿ ಉರಿದವು. ಆದರೆ ಅವುಗಳ ಮೇಲೆ ವಾಯುಪಡೆಯೂ ದಾಳಿ ನಡೆಸಿತ್ತು. ಹೀಗಾಗಿ ಬೆಂಕಿಯ ಕೀರ್ತಿ ಯಾರದೆಂಬ ವಾದ ಎರಡೂ ಪಡೆಗಳ ನಿವೃತ್ತರ ನಡುವೆ ಬಹುಕಾಲ ನಡೆಯಿತು.

ಪೂರ್ವದಲ್ಲಿ ಇನ್ನೊಂದು ಪಣವನ್ನೂ ನಂದಾ ಒಡ್ಡಿದ್ದರು. ‘ವಿಕ್ರಾಂತ್’ನ ಬಾಯ್ಲರ್ ಬಿರುಕು ಬಿಟ್ಟಿದ್ದು, ಪೂರ್ಣ ವೇಗದಲ್ಲಿ ಓಡುವಂತಿರಲಿಲ್ಲ. ಈ ಬಾರಿಯೂ ಅದು ಯುದ್ಧದಿಂದ ದೂರ ಉಳಿಯುವುದು ಅವರಿಗೆ ಸಮ್ಮತವಿರಲಿಲ್ಲ. ಬಂಗಾಳ ಕೊಲ್ಲಿಗೆ ಹೋದ ನೌಕೆಯ ವಿಮಾನಗಳು ಕಾಕ್ಸ್ ಬಜಾರ್, ಚಿತ್ತಗಾಂಗ್‌ಗಳ ಮೇಲೆ ಎರಗಿದವು. ಅದನ್ನು ಬೇಟೆಯಾಡಲು ಬಂದಿದ್ದ ಪಾಕ್ ಜಲಾಂತರ್ಗಾಮಿ ‘ಘಾಜಿ’ ವಿಶಾಖಪಟ್ಟಣದ ಬಳಿ ಮುಳುಗಿತು. ಅದರ ಅಂತ್ಯದ ಕಾರಣದ ಬಗ್ಗೆ ಎರಡು ದೇಶಗಳ ವಿವರಣೆ ಇಂದಿಗೂ ಬೇರೆ ಬೇರೆ.

ಗೆಲುವಿಗೆ ಬೆಲೆಯನ್ನೂ ತೆರಬೇಕಾಯಿತು. ಡಿಸೆಂಬರ್ 9ರಂದು ದಿಯು ಸಮೀಪ ಪಾಕಿಸ್ತಾನದ ಜಲಾಂತರ್ಗಾಮಿ ‘ಹಂಗೋರ್’ ಹಾರಿಸಿದ ಟಾರ್ಪಿಡೊಗೆ ‘ಐಎನ್ಎಸ್ ಖುಕ್ರಿ’ ಬಲಿಯಾಯಿತು. 18 ಅಧಿಕಾರಿಗಳು, 176 ನಾವಿಕರು ಅಸುನೀಗಿದರು. ಕ್ಯಾಪ್ಟನ್ ಮಹೇಂದ್ರನಾಥ್ ಮುಲ್ಲಾ ಹಡಗನ್ನು ತ್ಯಜಿಸದೆ ಅದರೊಡನೆಯೇ ಮುಳುಗಿದರು. ಕ್ಷಿಪಣಿಯ ಯಶಸ್ಸಿನ ಸಡಗರದಲ್ಲಿ, ಜಲಾಂತರ್ಗಾಮಿಗಳನ್ನು ಎದುರಿಸುವುದರಲ್ಲಿ ನೌಕಾಪಡೆ ಹಿಂದುಳಿದಿದ್ದ ಸಂಗತಿಯನ್ನು ಮರೆಯುವಂತಿಲ್ಲ.

1973ರ ಫೆಬ್ರುವರಿ 28ರಂದು ನಂದಾ ನಿವೃತ್ತರಾದರು. ಅವರ ಸ್ಥಾನಕ್ಕೆ ಬಂದವರು, ಯುದ್ಧಕಾಲದಲ್ಲಿ ಪಶ್ಚಿಮ ಕಮಾಂಡ್ ನಡೆಸಿದ್ದ ಎಸ್.ಎನ್. ಕೊಹ್ಲಿ. ಸರ್ಕಾರ ನಂದಾ ಅವರಿಗೆ ಪದ್ಮವಿಭೂಷಣ ನೀಡಿತು. ನಿವೃತ್ತಿಯ ಬಳಿಕ ಅವರು ಭಾರತೀಯ ಹಡಗು ನಿಗಮದ ಮುಖ್ಯಸ್ಥರಾಗಿಯೂ ಸೇವೆ ಸಲ್ಲಿಸಿದರು. 2004ರಲ್ಲಿ ಪ್ರಕಟವಾದ ಅವರ ಆತ್ಮಕಥೆಯ ಹೆಸರು ‘ದಿ ಮ್ಯಾನ್ ಹೂ ಬಾಂಬ್ಡ್ ಕರಾಚಿ’. ದೋಣಿಯಲ್ಲಿ ಕುಳಿತು ಹೋದವರು ಬೇರೆಯವರಾದ್ದರಿಂದ ಈ ಶೀರ್ಷಿಕೆ ತುಸು ಹೆಚ್ಚಾಯಿತೆನ್ನಬಹುದು. ಆದರೆ ದಾಳಿ ವಿಫಲವಾಗಿದ್ದರೆ ಅದರ ಹೊಣೆಯೂ ಅವರೊಬ್ಬರ ತಲೆಗೇ ಬರುತ್ತಿತ್ತು. 2009ರ ಮೇ 11ರಂದು ಅವರು ನಿಧನರಾದರು. ಆಗ ಅವರಿಗೆ 93 ವರ್ಷ.