ಕಕ್ಕೆ ಮರ: ಬೆಳೆಸುವ ಮತ್ತು ಪೋಷಿಸುವ ವಿಧಾನ – ಸಾರ್ವಜನಿಕರ ಮಾಹಿತಿಗಾಗಿ

(ವಿಜಯನಗರ ಜಿಲ್ಲೆಯ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳ ಅರ್ಜಿದಾರರಿಗೆ)

1. ಪೀಠಿಕೆ

ಪ್ರತಿ ವರ್ಷ ಮುಂಗಾರು ಆರಂಭವಾಗುವ ಹೊತ್ತಿಗೆ ಮನೆಯಂಗಳ, ಶಾಲಾ ಆವರಣ, ದೇವಸ್ಥಾನದ ಬಯಲು ಹಾಗೂ ಹೊಲದ ಬದುಗಳಲ್ಲಿ ನೆಡಲು ಹೂವಿನ ಮರದ ಸಸಿಗಳನ್ನು ಕೋರಿ ಸಾರ್ವಜನಿಕರು ಅರ್ಜಿ ಸಲ್ಲಿಸುತ್ತಾರೆ. ಮೇಲ್ಕಂಡ ಐದು ತಾಲ್ಲೂಕುಗಳು ಮಳೆ ಕಡಿಮೆ ಬೀಳುವ ಒಣ ಪ್ರದೇಶಕ್ಕೆ ಸೇರಿದವು. ಇಲ್ಲಿ ಸಸಿ ನೆಡುವುದು ಒಂದು ದಿನದ ಕೆಲಸ. ಅದನ್ನು ಮೊದಲ ಎರಡು ಬೇಸಿಗೆ ದಾಟಿಸುವುದೇ ನಿಜವಾದ ಕೆಲಸ. ಆದುದರಿಂದ ಎಷ್ಟು ಸಸಿಗಳಿಗೆ ನೀರುಣಿಸಲು ಸಾಧ್ಯವೋ ಅಷ್ಟೇ ಸಸಿಗಳಿಗೆ ಅರ್ಜಿ ಸಲ್ಲಿಸಬೇಕೆಂಬುದು ಈ ಮಾಹಿತಿಯ ಮುಖ್ಯ ಉದ್ದೇಶವಾಗಿದೆ.

2. ಕಕ್ಕೆ ಮರವೇ ಏಕೆ?

ಹಡಗಲಿ ಮಲ್ಲಿಗೆಯು ಭೌಗೋಳಿಕ ಸೂಚಿಕೆ ಪಡೆದ ಬೆಳೆಯಾಗಿದ್ದರೂ ಅದಕ್ಕೆ ವರ್ಷವಿಡೀ ಆರೈಕೆ ಮತ್ತು ನೀರು ಬೇಕು. ಕಕ್ಕೆ ಮರವು ಹಾಗಲ್ಲ. ಅದು ಭಾರತದ ಒಣ ಎಲೆಯುದುರುವ ಕಾಡುಗಳ ಸ್ವಂತ ಮರ. ಒಮ್ಮೆ ಬೇರು ಬಿಟ್ಟ ನಂತರ ಮಳೆಯ ನೀರಿನಲ್ಲಿಯೇ ಬೆಳೆಯುತ್ತದೆ. ಏಪ್ರಿಲ್–ಮೇ ತಿಂಗಳ ಬಿಸಿಲಿನಲ್ಲಿ ಎಲೆ ಉದುರಿಸಿ, ಮರ ತುಂಬ ಹಳದಿ ಹೂಗೊಂಚಲುಗಳನ್ನು ಇಳಿಬಿಡುತ್ತದೆ. ಕೇರಳ ರಾಜ್ಯದ ರಾಜ್ಯಪುಷ್ಪವೂ ಥಾಯ್ಲೆಂಡ್ ದೇಶದ ರಾಷ್ಟ್ರಪುಷ್ಪವೂ ಇದೇ ಆಗಿದೆ.

ಮಡಗಾಸ್ಕರ್ ಮೂಲದ ಗುಲ್‌ಮೊಹರ್ ಮರವನ್ನು ಅನೇಕರು ಕೇಳುತ್ತಾರೆ. ಅದರ ಬೇರು ಮೇಲುಮೇಲೆ ಹರಡಿ ನೆಲಗಟ್ಟು ಹಾಗೂ ಕಾಂಪೌಂಡ್ ಗೋಡೆಯನ್ನು ಎತ್ತುವ ಸಂಭವವಿದೆ. ಗಾಳಿಮಳೆಗೆ ರೆಂಬೆಗಳು ಬೇಗ ಮುರಿಯುತ್ತವೆ. ಇಕ್ಕಟ್ಟಾದ ಅಂಗಳಕ್ಕೆ ಕಕ್ಕೆ ಹೆಚ್ಚು ಸೂಕ್ತ.

3. ಗುರುತಿಸುವ ಬಗೆ

ಕಕ್ಕೆಯ ಸಸ್ಯಶಾಸ್ತ್ರೀಯ ಹೆಸರು ಕ್ಯಾಸಿಯಾ ಫಿಸ್ಟುಲಾ. ಸಂಸ್ಕೃತದಲ್ಲಿ ಆರಗ್ವಧ, ಹಿಂದಿಯಲ್ಲಿ ಅಮಲ್ತಾಸ್, ತೆಲುಗಿನಲ್ಲಿ ರೇಲ ಎನ್ನುತ್ತಾರೆ. ಸಾಮಾನ್ಯವಾಗಿ 10ರಿಂದ 15 ಮೀಟರ್ ಎತ್ತರ ಬೆಳೆಯುತ್ತದೆ. ಹೂಗೊಂಚಲು ಒಂದು ಅಡಿಯಷ್ಟು ಉದ್ದವಾಗಿ ಕೆಳಮುಖವಾಗಿ ಜೋಲುತ್ತದೆ. ಕಾಯಿ ದುಂಡನೆಯ ಕೋಲಿನಂತಿದ್ದು, 30ರಿಂದ 60 ಸೆಂ.ಮೀ. ಉದ್ದವಿದ್ದು, ಮಾಗಿದಾಗ ಕಪ್ಪಾಗುತ್ತದೆ.

ರಸ್ತೆ ಬದಿಯ ಸೀಮೆ ತಂಗಡಿ ಮರದ ಹೂವು ಸಹ ಹಳದಿಯೇ. ಆದರೆ ಅದರ ಗೊಂಚಲು ಮೇಲ್ಮುಖವಾಗಿದ್ದು ಕಾಯಿ ಚಪ್ಪಟೆಯಾಗಿರುತ್ತದೆ. ಹೊಲದ ಬದುವಿನ ತಂಗಡಿಯು ಮರವಲ್ಲ, ಪೊದೆ. ಸಸಿ ಪಡೆಯುವಾಗ ಈ ವ್ಯತ್ಯಾಸವನ್ನು ಗಮನಿಸತಕ್ಕದ್ದು.

4. ಸ್ಥಳದ ಆಯ್ಕೆ

(ಅ) ದಿನದ ಬಹುಪಾಲು ಬಿಸಿಲು ಬೀಳುವ ಸ್ಥಳವನ್ನೇ ಆರಿಸಬೇಕು. ನೆರಳಿನಲ್ಲಿ ಹೂವು ಕಡಿಮೆ.

(ಆ) ನೀರು ಬಸಿದುಹೋಗುವ ಕೆಂಪು ಮಸಾರಿ ಮಣ್ಣು ಉತ್ತಮ. ಎರೆ ಭೂಮಿಯಲ್ಲಿ ಮಳೆಗಾಲದಲ್ಲಿ ನೀರು ನಿಲ್ಲುವ ತಗ್ಗನ್ನು ಬಿಟ್ಟು, ಸ್ವಲ್ಪ ಎತ್ತರದ ದಿಬ್ಬದ ಮೇಲೆ ನೆಡಬೇಕು.

(ಇ) ಮನೆಯ ಗೋಡೆಯಿಂದ ಕನಿಷ್ಠ 5 ಮೀಟರ್, ಗಿಡದಿಂದ ಗಿಡಕ್ಕೆ 6 ಮೀಟರ್ ಅಂತರವಿರಲಿ. ವಿದ್ಯುತ್ ತಂತಿಯ ಕೆಳಗೆ ನೆಡಬಾರದು.

(ಈ) ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆಯಲ್ಲಿ 2013ರಲ್ಲಿ ಕರಡಿ ಧಾಮ ಘೋಷಣೆಯಾಗಿದೆ. ಕಕ್ಕೆ ಕಾಯಿಯ ಸಿಹಿ ತಿರುಳು ಕರಡಿಯ ಆಹಾರಗಳಲ್ಲೊಂದು. ಆದಕಾರಣ ಧಾಮದ ಅಂಚಿನ ಗ್ರಾಮಗಳವರು ಮನೆಯ ಬಾಗಿಲ ಬಳಿ ಈ ಮರ ಬೆಳೆಸದಿರುವುದು ಒಳಿತು. ಈಗಾಗಲೇ ಮರವಿದ್ದಲ್ಲಿ ಉದುರಿದ ಕಾಯಿಗಳನ್ನು ಕೂಡಲೇ ಆರಿಸಿ ದೂರ ಸಾಗಿಸಬೇಕು.

5. ಬೀಜದಿಂದ ಸಸಿ ಮಾಡುವುದು

ಮಾಗಿದ ಕಾಯಿಗಳು ಬೇಸಿಗೆಗೆ ಮುನ್ನ ದೊರೆಯುತ್ತವೆ. ಬೀಜದ ಸಿಪ್ಪೆ ಬಹಳ ಗಟ್ಟಿ. ಹಾಗೆಯೇ ಬಿತ್ತಿದರೆ ತಿಂಗಳುಗಟ್ಟಲೆ ಮೊಳೆಯುವುದಿಲ್ಲ. ಬೀಜದ ಒಂದು ಬದಿಯನ್ನು ಒರಟು ಕಲ್ಲಿಗೆ ಉಜ್ಜಿ, ಒಂದು ರಾತ್ರಿ ನೀರಿನಲ್ಲಿ ನೆನೆಸಬೇಕು. ಉಬ್ಬಿದ ಬೀಜಗಳನ್ನು ಮಾತ್ರ ಬಿತ್ತಿ, ಉಬ್ಬದಿದ್ದವನ್ನು ಮತ್ತೊಮ್ಮೆ ಉಜ್ಜಿ ನೆನೆಸಬೇಕು. ಮಣ್ಣು, ಮರಳು ಹಾಗೂ ಕೊಟ್ಟಿಗೆ ಗೊಬ್ಬರ ತುಂಬಿದ ಚೀಲದಲ್ಲಿ ಒಂದು ಸೆಂ.ಮೀ. ಆಳಕ್ಕೆ ಬಿತ್ತುವುದು. ಒಂದು ವರ್ಷ ತುಂಬಿದ ಸಸಿಯು ನೆಡಲು ಯೋಗ್ಯ. ತೀರ ಎಳೆಯ ಸಸಿಯನ್ನು ನೆಡುವುದರಿಂದ ಬೇಸಿಗೆಯಲ್ಲಿ ನಷ್ಟ ಹೆಚ್ಚು.

6. ನೆಡುವ ಕ್ರಮ

ಏಪ್ರಿಲ್–ಮೇ ತಿಂಗಳಿನಲ್ಲಿ ಎರಡು ಅಡಿ ಉದ್ದ, ಅಗಲ ಮತ್ತು ಆಳದ ಗುಂಡಿ ತೋಡಿ ಬಿಸಿಲಿಗೆ ಬಿಡಬೇಕು. ಮೇಲ್ಮಣ್ಣಿಗೆ ಎರಡು ಪುಟ್ಟಿ ಕಳಿತ ಕೊಟ್ಟಿಗೆ ಗೊಬ್ಬರ, ಗೆದ್ದಲು ತಡೆಗೆ ಎರಡು ಹಿಡಿ ಬೇವಿನ ಹಿಂಡಿ ಬೆರೆಸಿ ತುಂಬಬೇಕು. ಮೊದಲ ಹದಮಳೆಯಾದ ನಂತರ ನೆಟ್ಟು, ಉತ್ತರೆ ಮಳೆಯೊಳಗೆ ಎಲ್ಲ ನಾಟಿಯನ್ನು ಮುಗಿಸುವುದು ಸೂಕ್ತ. ತಡವಾಗಿ ನೆಟ್ಟ ಸಸಿಗೆ ಬೇರು ಇಳಿಸಲು ಕಾಲಾವಕಾಶ ಸಿಗುವುದಿಲ್ಲ. ಚೀಲವನ್ನು ಹರಿದು ತೆಗೆದು, ಮಣ್ಣಿನ ಹೆಂಟೆ ಒಡೆಯದಂತೆ ಸಸಿಯನ್ನು ಇಳಿಸಿ, ಸುತ್ತ ತುಳಿದು, ಕೋಲಿನ ಆಸರೆ ಕಟ್ಟಬೇಕು.

7. ನೀರಿನ ಲೆಕ್ಕ

ಅರ್ಜಿಯಲ್ಲಿ ಸಸಿಗಳ ಸಂಖ್ಯೆ ನಮೂದಿಸುವ ಮುನ್ನ ಈ ಲೆಕ್ಕವನ್ನು ನೋಡುವುದು. ಫೆಬ್ರವರಿಯಿಂದ ಮೇ ಅಂತ್ಯದವರೆಗೆ ಸುಮಾರು 17 ವಾರಗಳಾಗುತ್ತವೆ. ಒಂದು ಕೊಡಕ್ಕೆ 15 ಲೀಟರ್ ಎಂದಿಟ್ಟುಕೊಂಡಲ್ಲಿ:

ಮೊದಲ ಬೇಸಿಗೆ: ವಾರಕ್ಕೆ 2 ಕೊಡದಂತೆ 34 ಕೊಡ, ಅಂದರೆ 510 ಲೀಟರ್.
ಎರಡನೆಯ ಬೇಸಿಗೆ: ವಾರಕ್ಕೆ 1 ಕೊಡದಂತೆ 17 ಕೊಡ, ಅಂದರೆ 255 ಲೀಟರ್.
ಒಟ್ಟು: ಒಂದು ಸಸಿಗೆ 51 ಕೊಡ, ಅಂದರೆ 765 ಲೀಟರ್.

ಹತ್ತು ಸಸಿ ಪಡೆದವರು 510 ಕೊಡ ನೀರು ಹೊರಬೇಕಾಗುತ್ತದೆ. ಕುಡಿಯುವ ನೀರಿಗೇ ಕಾಯುವ ಊರುಗಳಲ್ಲಿ ಇದು ಸಣ್ಣ ಮಾತಲ್ಲ. ಎರಡು ಸಸಿ ಪಡೆದು ಎರಡನ್ನೂ ಉಳಿಸಿದವರು, ಹತ್ತು ಪಡೆದು ಹತ್ತನ್ನೂ ಕಳೆದುಕೊಂಡವರಿಗಿಂತ ಊರಿಗೆ ಹೆಚ್ಚು ಉಪಕಾರ ಮಾಡಿದಂತಾಗುತ್ತದೆ. ಪಾತ್ರೆ ತೊಳೆದ, ಸಾಬೂನಿಲ್ಲದ ನೀರನ್ನು ಗಿಡಕ್ಕೆ ಬಳಸಬಹುದು. ಬುಡದ ಪಕ್ಕ ಸಣ್ಣ ರಂಧ್ರವುಳ್ಳ ಮಣ್ಣಿನ ಮಡಿಕೆಯನ್ನು ಹೂತು ಅದರಲ್ಲಿ ನೀರು ತುಂಬಿದರೆ ಆವಿಯಾಗಿ ಹೋಗುವ ನೀರು ಉಳಿಯುತ್ತದೆ. ಪಾತಿಯ ಮೇಲೆ ಶೇಂಗಾ ಹೊಟ್ಟು ಅಥವಾ ಮೆಕ್ಕೆಜೋಳದ ದಂಟನ್ನು ಹೊದಿಸಬೇಕು. ಗೆದ್ದಲು ಹತ್ತದಂತೆ ಕಾಂಡದಿಂದ ನಾಲ್ಕು ಬೆರಳು ದೂರವಿರಲಿ.

8. ರಕ್ಷಣೆ ಮತ್ತು ಪೋಷಣೆ

ಆಡು, ಕುರಿ ಮಂದೆ ಹಾಗೂ ದನಗಳಿಂದ ರಕ್ಷಿಸಲು ಬಳ್ಳಾರಿ ಜಾಲಿಯ ಒಣ ಮುಳ್ಳಿನ ಬೇಲಿ ಸಾಕು. ಆ ಮುಳ್ಳುಕೊಂಬೆಗಳಲ್ಲಿ ಕಾಯಿ ಇರದಂತೆ ನೋಡಿಕೊಳ್ಳಬೇಕು. ಇಲ್ಲವಾದಲ್ಲಿ ಜಾಲಿಯೇ ಅಲ್ಲಿ ಬೇರೂರುತ್ತದೆ. ಕಕ್ಕೆಯು ದ್ವಿದಳ ಸಸ್ಯಗಳ ಕುಟುಂಬಕ್ಕೆ ಸೇರಿದ್ದರೂ ಇದರ ಬೇರಿನಲ್ಲಿ ಸಾರಜನಕ ಕೂಡಿಡುವ ಗಂಟುಗಳು ಸಾಮಾನ್ಯವಾಗಿ ಇರುವುದಿಲ್ಲ. ಆದ್ದರಿಂದ ಮೊದಲ ಮೂರು ವರ್ಷ ಮಳೆಗಾಲದ ಆರಂಭದಲ್ಲಿ ಒಂದು ಪುಟ್ಟಿ ಕೊಟ್ಟಿಗೆ ಗೊಬ್ಬರ ನೀಡತಕ್ಕದ್ದು.

ಮಳೆಗಾಲದಲ್ಲಿ ಹಸಿರು ಬಣ್ಣದ ಹುಳುಗಳು ಎಲೆ ತಿನ್ನುವುದುಂಟು. ಇವು ಹಳದಿ–ಬಿಳಿ ಚಿಟ್ಟೆಗಳ ಮರಿಗಳು. ಬೆಳೆದ ಮರವು ಮತ್ತೆ ಚಿಗುರುವುದರಿಂದ ಔಷಧಿ ಸಿಂಪಡಿಸುವ ಅಗತ್ಯವಿಲ್ಲ. ಎಳೆಯ ಸಸಿಯಲ್ಲಿ ಮಾತ್ರ ಕೈಯಿಂದ ಆರಿಸಿ ತೆಗೆದರೆ ಸಾಕು.

9. ಸಸಿಗಾಗಿ ಅರ್ಜಿ

ಹರಪನಹಳ್ಳಿ ತಾಲ್ಲೂಕು 1997ರಲ್ಲಿ ದಾವಣಗೆರೆ ಜಿಲ್ಲೆಗೆ ಸೇರಿ, ನಂತರ ಬಳ್ಳಾರಿಗೆ ಮರಳಿತ್ತು. 2021ರಲ್ಲಿ ವಿಜಯನಗರ ಜಿಲ್ಲೆ ರಚನೆಯಾದಂದಿನಿಂದ ಐದೂ ತಾಲ್ಲೂಕುಗಳು ಇದೇ ಜಿಲ್ಲೆಯಲ್ಲಿವೆ. ಸಸಿಗಾಗಿ ಜಿಲ್ಲಾ ಕೇಂದ್ರವಾದ ಹೊಸಪೇಟೆಗೆ ಬರುವ ಅಗತ್ಯವಿಲ್ಲ. ತಮ್ಮ ಗ್ರಾಮದ ವ್ಯಾಪ್ತಿಯ ವಲಯ ಅರಣ್ಯಾಧಿಕಾರಿಗಳ ಕಛೇರಿಯನ್ನು ಸಂಪರ್ಕಿಸುವುದು. ದರವು ಚೀಲದ ಅಳತೆಗೆ ಅನುಗುಣವಾಗಿರುತ್ತದೆ. ಕಕ್ಕೆ ಸಸಿಗಳ ಲಭ್ಯತೆಯನ್ನು ಮೇ ತಿಂಗಳಿನಲ್ಲಿಯೇ ವಿಚಾರಿಸುವುದು ಒಳ್ಳೆಯದು.

ರೈತರಿಗಾಗಿ 2011–12ರಿಂದ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆ ಜಾರಿಗೆ ಬಂದಿದೆ. ಇದರಲ್ಲಿ ಪ್ರೋತ್ಸಾಹ ಧನವು ನೆಟ್ಟ ಸಸಿಗಳಿಗಲ್ಲ, ಬದುಕುಳಿದ ಸಸಿಗಳಿಗೆ ಎಂಬುದನ್ನು ಗಮನಿಸುವುದು. ಕಕ್ಕೆಯು ಅರ್ಹ ಜಾತಿಗಳಲ್ಲಿ ಸೇರಿದೆಯೇ ಎಂಬುದನ್ನು ನೋಂದಣಿಗೆ ಮುನ್ನ ವಲಯ ಕಛೇರಿಯಲ್ಲಿ ಖಚಿತಪಡಿಸಿಕೊಳ್ಳತಕ್ಕದ್ದು.

10. ಮರ ತೆಗೆಯಬೇಕಾದಲ್ಲಿ

ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮ, 1976ರಲ್ಲಿ ಮರ ಕಡಿಯುವುದೆಂದರೆ ಬುಡ ಕತ್ತರಿಸುವುದು ಮಾತ್ರವಲ್ಲ. ರೆಂಬೆ ಸವರುವುದು, ತೊಗಟೆ ಸುಲಿಯುವುದು, ಸುಡುವುದು ಸಹ ಸೇರುತ್ತವೆ. ಸ್ವಂತ ಜಾಗದಲ್ಲಿನ ಬೆಳೆದ ಮರವಾದರೂ ಕೊಡಲಿ ಹಾಕುವ ಮುನ್ನ ವಲಯ ಕಛೇರಿಯಲ್ಲಿ ವಿಚಾರಿಸಿ, ಅಗತ್ಯವಿರುವಲ್ಲಿ ವೃಕ್ಷ ಅಧಿಕಾರಿಯವರ ಅನುಮತಿ ಪಡೆಯತಕ್ಕದ್ದು.

11. ಸಾಮಾನ್ಯ ಪ್ರಶ್ನೆಗಳು

ಪ್ರಶ್ನೆ: ಎಷ್ಟು ವರ್ಷಕ್ಕೆ ಹೂ ಬಿಡುತ್ತದೆ?
ಉತ್ತರ: ಬೀಜದಿಂದ ಬೆಳೆದ ಗಿಡವು ಸಾಮಾನ್ಯವಾಗಿ 5ರಿಂದ 8 ವರ್ಷಕ್ಕೆ ಹೂ ಬಿಡುತ್ತದೆ.

ಪ್ರಶ್ನೆ: ಮಾರ್ಚ್‌ನಲ್ಲಿ ಎಲೆ ಉದುರಿದೆ, ಮರ ಒಣಗಿತೇ?
ಉತ್ತರ: ಇಲ್ಲ. ಅದು ಮರದ ಸಹಜ ಗುಣ. ಉಗುರಿನಿಂದ ತೊಗಟೆ ಕೆರೆದಾಗ ಒಳಗೆ ಹಸಿರಿದ್ದರೆ ಮರ ಜೀವಂತವಾಗಿದೆ.

ಪ್ರಶ್ನೆ: ಕಾಯಿಯ ತಿರುಳನ್ನು ಔಷಧಿಯಾಗಿ ಸೇವಿಸಬಹುದೇ?
ಉತ್ತರ: ತಿರುಳು ಭೇದಿ ಉಂಟುಮಾಡುತ್ತದೆ. ವೈದ್ಯರ ಸಲಹೆಯಿಲ್ಲದೆ ಸೇವಿಸಬಾರದು. ಮಕ್ಕಳ ಕೈಗೆ ಕಾಯಿ, ಬೀಜ ಸಿಗದಂತೆ ಎಚ್ಚರ ವಹಿಸಬೇಕು.

ಸಾರ್ವಜನಿಕರು ತಮ್ಮ ನೀರಿನ ಅನುಕೂಲವನ್ನು ಲೆಕ್ಕಹಾಕಿ ಸಸಿಗಳಿಗೆ ಅರ್ಜಿ ಸಲ್ಲಿಸಲು ಹಾಗೂ ನೆಟ್ಟ ಪ್ರತಿ ಸಸಿಯನ್ನು ಎರಡು ಬೇಸಿಗೆ ಕಾಪಾಡಿ ಸಹಕರಿಸಲು ಕೋರಲಾಗಿದೆ.