ಉಯಿಲಿನಲ್ಲಿ ದಾನ: ತಿಳಿದಿರಬೇಕಾದ ಸಂಗತಿಗಳು

ಕೊಪ್ಪ, ಶೃಂಗೇರಿ ಮತ್ತು ನರಸಿಂಹರಾಜಪುರ ತಾಲ್ಲೂಕುಗಳಲ್ಲಿ ಅನೇಕ ಕುಟುಂಬಗಳಿಗೆ ಅಡಿಕೆ, ಕಾಫಿ ತೋಟಗಳೇ ಮುಖ್ಯ ಆಸ್ತಿ. ತಮ್ಮ ಕಾಲಾನಂತರ ಅದರಲ್ಲೊಂದು ಪಾಲು ಊರಿನ ಶಾಲೆಗೋ ದೇವಾಲಯಕ್ಕೋ ಸಲ್ಲಲೆಂದು ಬಯಸುವ ಹಿರಿಯರುಂಟು. ಆದರೆ ಬಾಯಿಮಾತಿನಲ್ಲೇ ಉಳಿದ ಸಂಕಲ್ಪ ನೆರವೇರುವುದು ವಾರಸುದಾರರ ಮನಸ್ಸಿದ್ದರೆ ಮಾತ್ರ.

ಬೆಳಗಾವಿ ಜಿಲ್ಲೆಯ ಶಿರಸಂಗಿ ಲಿಂಗರಾಜ ದೇಸಾಯಿಯವರು ತಮ್ಮ ಸಂಸ್ಥಾನದ ಆಸ್ತಿಯನ್ನು ಉಯಿಲಿನ ಮೂಲಕ ಶಿಕ್ಷಣಕ್ಕೆ ಮೀಸಲಿರಿಸಿ 1906ರಲ್ಲಿ ನಿಧನರಾದರು. ಆ ಟ್ರಸ್ಟಿನ ನೆರವಿನಿಂದ ವಿದ್ಯಾರ್ಥಿಗಳ ಹಲವು ತಲೆಮಾರುಗಳು ಓದಿದವು.

ಎಷ್ಟನ್ನು ಕೊಡಬಹುದು?

ಹಿಂದೂ ಮತ್ತು ಜೈನರು ಸ್ವಯಾರ್ಜಿತ ಆಸ್ತಿಯನ್ನು ಪೂರ್ಣವಾಗಿ ಉಯಿಲು ಬರೆಯಬಹುದು. ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ತಮ್ಮ ಪಾಲನ್ನು ಮಾತ್ರ ಬರೆಯಲು 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ 30ನೆಯ ಕಲಮು ಅವಕಾಶ ನೀಡುತ್ತದೆ. 2005ರ ತಿದ್ದುಪಡಿಯ ನಂತರ ಆ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲಿದೆ. ಮುಸ್ಲಿಮರು ಸಾಲ ಮತ್ತು ಅಂತ್ಯಕ್ರಿಯೆಯ ವೆಚ್ಚ ಕಳೆದು ಉಳಿದುದರಲ್ಲಿ ಮೂರನೆಯ ಒಂದು ಭಾಗವನ್ನು ಕೊಡಬಹುದು. ಅದಕ್ಕೂ ಮೀರಿದರೆ ವಾರಸುದಾರರ ಒಪ್ಪಿಗೆ ಬೇಕು. ಹತ್ತಿರದ ಬಂಧುಗಳಿರುವ ಕ್ರೈಸ್ತರು ಧರ್ಮಕಾರ್ಯಕ್ಕೆ ಆಸ್ತಿ ಬಿಡಲು ಮರಣಕ್ಕೆ ಕನಿಷ್ಠ 12 ತಿಂಗಳು ಮೊದಲೇ ಉಯಿಲು ಬರೆದಿರಬೇಕೆಂಬ ನಿರ್ಬಂಧವನ್ನು ಸುಪ್ರೀಂ ಕೋರ್ಟು 2003ರಲ್ಲಿ ರದ್ದುಪಡಿಸಿತು.

ಜಮೀನೋ, ಹಣವೋ?

ಧರ್ಮಾರ್ಥ ಸಂಸ್ಥೆಗಳು ಕೃಷಿಭೂಮಿ ಹೊಂದುವುದನ್ನು ತಡೆಯುತ್ತಿದ್ದ ಕರ್ನಾಟಕ ಭೂಸುಧಾರಣಾ ಕಾಯಿದೆಯ 79ಬಿ ಕಲಮನ್ನು 2020ರಲ್ಲಿ ಕೈಬಿಡಲಾಯಿತು. ಆದರೂ ಭೂಮಿತಿಯ ನಿಯಮಗಳನ್ನೂ, ಸರ್ಕಾರದಿಂದ ಮಂಜೂರಾದ ಜಮೀನಾದರೆ ಅದರ ಷರತ್ತುಗಳನ್ನೂ ಮೊದಲೇ ಪರಿಶೀಲಿಸಬೇಕು. ತೋಟವನ್ನು ಮಕ್ಕಳಿಗೆ ಬಿಟ್ಟು, ನಿಗದಿತ ಮೊತ್ತವನ್ನು ದತ್ತಿನಿಧಿಯಾಗಿಡುವುದು ಸರಳ ಮಾರ್ಗ. ಅದರ ಬಡ್ಡಿಯಿಂದ ಪ್ರತಿವರ್ಷ ವಿದ್ಯಾರ್ಥಿವೇತನ ನೀಡಬಹುದು. ಬ್ಯಾಂಕಿನ ನಾಮಿನಿ ಹಣದ ಒಡೆಯನಲ್ಲವಾದ್ದರಿಂದ ಠೇವಣಿಯನ್ನೂ ಉಯಿಲಿನಲ್ಲಿ ಕಾಣಿಸುವುದು ಅಗತ್ಯ.

ಬರೆಯುವ ಕ್ರಮ

ಮುಸ್ಲಿಮರನ್ನುಳಿದು ಇತರರ ಉಯಿಲಿಗೆ 1925ರ ಭಾರತೀಯ ಉತ್ತರಾಧಿಕಾರ ಕಾಯಿದೆಯಂತೆ ಬರೆದವರ ಸಹಿ ಮತ್ತು ಕನಿಷ್ಠ ಇಬ್ಬರು ಸಾಕ್ಷಿಗಳ ಸಹಿ ಬೇಕು. ದಾನ ಪಡೆಯುವ ಸಂಸ್ಥೆಯ ಪದಾಧಿಕಾರಿಗಳು ಸಾಕ್ಷಿಗಳಾಗದಿರುವುದು ಲೇಸು. ‘ಧರ್ಮಕಾರ್ಯಕ್ಕೆ’ ಎಂದಷ್ಟೇ ಬರೆದರೆ ವ್ಯಾಜ್ಯಕ್ಕೆ ದಾರಿಯಾಗುತ್ತದೆ. ಸಂಸ್ಥೆಯ ನೋಂದಾಯಿತ ಹೆಸರು, ವಿಳಾಸ, ಉದ್ದೇಶ, ಮೊತ್ತ ಅಥವಾ ಸರ್ವೆ ನಂಬರು, ಆ ಸಂಸ್ಥೆ ಮುಚ್ಚಿದ್ದರೆ ದಾನ ಯಾರಿಗೆ ಸಲ್ಲಬೇಕು, ಉಯಿಲನ್ನು ಜಾರಿಗೊಳಿಸುವವರು ಯಾರು ಎಂಬುದೆಲ್ಲ ಸ್ಪಷ್ಟವಾಗಿರಬೇಕು.

ಉಯಿಲಿನ ನೋಂದಣಿ ಕಡ್ಡಾಯವಲ್ಲ. ಮುದ್ರಾಂಕ ಶುಲ್ಕವೂ ಇಲ್ಲ. ಆದರೂ ಉಪನೋಂದಣಿ ಕಚೇರಿಯಲ್ಲಿ ನೋಂದಾಯಿಸಿದರೆ ಉಯಿಲು ಕಳೆದುಹೋಗುವ ಭಯವಿರದು. ಬದುಕಿರುವವರೆಗೆ ಅದನ್ನು ಬದಲಾಯಿಸಲು ಅವಕಾಶವಿದೆ. ಮನೆಯವರಿಗೆ ದಾನದ ಉದ್ದೇಶವನ್ನು ಮೊದಲೇ ತಿಳಿಸಿದ್ದರೆ, ಹಿರಿಯರ ಸಂಕಲ್ಪ ನ್ಯಾಯಾಲಯದ ಮೆಟ್ಟಿಲೇರುವ ಸಂಭವ ಕಡಿಮೆ.