ಲೇಗ್ಲ್ ಉಲ್ಕಾಪಾತ: ಸಾಕ್ಷ್ಯಗಳಿಂದ ಪಥದೆಡೆಗೆ

ಫ್ರಾನ್ಸಿನ ನಾರ್ಮಂಡಿ ಪ್ರಾಂತ್ಯದ ಲೇಗ್ಲ್ ಪಟ್ಟಣದ ಸುತ್ತಮುತ್ತ 1803ರ ಏಪ್ರಿಲ್ 26ರ ಮಧ್ಯಾಹ್ನ ಸುಮಾರು ಒಂದು ಗಂಟೆಗೆ ಆಕಾಶದಿಂದ ಎರಡು ಮೂರು ಸಾವಿರ ಕಲ್ಲುಗಳು ಬಿದ್ದವು. ಆ ಕಾಲದ ವಿದ್ವಾಂಸರಲ್ಲಿ ಹಲವರಿಗೆ ಇಂಥ ಸುದ್ದಿ ಹಳ್ಳಿಗರ ಭ್ರಮೆಯೆನಿಸುತ್ತಿತ್ತು. 1768ರಲ್ಲಿ ಲೂಸೆಯಲ್ಲಿ ಬಿದ್ದ ಕಲ್ಲನ್ನು ಪರೀಕ್ಷಿಸಿದ ಲಾವಾಸಿಯೇ ಮೊದಲಾದವರು ಅದು ಆಕಾಶದಿಂದ ಬಂದುದಲ್ಲವೆಂದೇ ತೀರ್ಮಾನಿಸಿದ್ದರು. 1794ರಲ್ಲಿ ಕ್ಲಾಡ್ನಿ ಮಂಡಿಸಿದ ಪ್ರತಿವಾದಕ್ಕೆ ಹೊವಾರ್ಡ್ 1802ರಲ್ಲಿ ಪ್ರಕಟಿಸಿದ ರಾಸಾಯನಿಕ ವಿಶ್ಲೇಷಣೆ ಬಲ ನೀಡಿತು. ಆತ ಪರೀಕ್ಷಿಸಿದ ಕಲ್ಲುಗಳಲ್ಲಿ 1798ರಲ್ಲಿ ನಮ್ಮ ಕಾಶಿಯ ಬಳಿ ಬಿದ್ದುದೂ ಒಂದೆಂಬುದು ಇಲ್ಲಿ ಸ್ಮರಣೀಯ.

ಸಚಿವ ಶಾಪ್ಟಾಲನ ಆಜ್ಞೆಯಂತೆ ವಿಚಾರಣೆಗೆ ತೆರಳಿದವನು ಇಪ್ಪತ್ತೊಂಬತ್ತರ ಹರೆಯದ ಝಾನ್ ಬಾಪ್ಟಿಸ್ಟ್ ಬಿಯೊ. ಆತ ನೇರವಾಗಿ ಲೇಗ್ಲ್‌ಗೆ ಹೋಗಲಿಲ್ಲ. ಮೊದಲು ದೂರದ ಅಲಾಂಸೋನ್‌ಗೆ ಹೋಗಿ, ಅಲ್ಲಿಂದ ದಾರಿಯುದ್ದಕ್ಕೂ ವಿಚಾರಿಸುತ್ತ ಘಟನೆಯ ಸ್ಥಳವನ್ನು ಸಮೀಪಿಸಿದನು. ಈ ಕ್ರಮದ ಔಚಿತ್ಯ ಗಮನಾರ್ಹ: ಪರಸ್ಪರ ಪರಿಚಯವಿಲ್ಲದ ದೂರದ ಊರುಗಳ ಜನ ಒಂದೇ ಹೊತ್ತಿನ ಒಂದೇ ಸದ್ದನ್ನು ಹೇಳಿದರೆ ಅದನ್ನು ಕೇವಲ ವದಂತಿಯೆನ್ನಲಾಗದು. ಕಾನ್, ಫಲೇಸ್ ಮುಂತಾದ ಕಡೆಯವರು ಕಂಡದ್ದು ಬೆಂಕಿಯ ಗೋಳ. ಲೇಗ್ಲ್‌ನವರು ಕಂಡದ್ದಾದರೋ ಒಂದು ಸಣ್ಣ ಮೋಡ, ಕೇಳಿದ್ದು ಐದಾರು ನಿಮಿಷಗಳ ಗುಡುಗು. ಈ ಹೇಳಿಕೆಗಳು ಮೇಲ್ನೋಟಕ್ಕೆ ವಿರುದ್ಧವೆನಿಸಿದರೂ ನೋಡಿದ ಸ್ಥಳಗಳ ಭೇದವನ್ನು ಗಣಿಸಿದಾಗ ಪರಸ್ಪರ ಪೂರಕವಾಗುತ್ತವೆ.

ಒಂದು ಸಾಕ್ಷ್ಯವಂತೂ ರೇಖಾಗಣಿತದಷ್ಟೇ ಬೆಲೆಯುಳ್ಳದ್ದು. ಒಂದಕ್ಕೊಂದು ನಾಲ್ಕು ಕಿಲೋಮೀಟರಿಗೂ ಹೆಚ್ಚು ದೂರವಿದ್ದ ಎರಡು ಕುಗ್ರಾಮಗಳ ಜನ ಆ ಮೋಡವನ್ನು ಏಕಕಾಲದಲ್ಲಿ ತಮ್ಮ ತಮ್ಮ ನೆತ್ತಿಯ ಮೇಲೆಯೇ ಕಂಡಿದ್ದರು. ಹಾಗಿದ್ದರೆ ಅದು ಬಹು ಎತ್ತರದಲ್ಲಿದ್ದಿರಲೇಬೇಕೆಂದು ಬಿಯೊ ತರ್ಕಿಸಿದನು.

ಕಲ್ಲುಗಳು ಬಿದ್ದ ಹೊಲ, ಹಳ್ಳಿಗಳನ್ನು ಗುರುತಿಸಿದಾಗ ಸುಮಾರು 10 ಕಿಲೋಮೀಟರ್ ಉದ್ದ, 4 ಕಿಲೋಮೀಟರ್ ಅಗಲದ ದೀರ್ಘವೃತ್ತವೊಂದು ಮೂಡಿತು. ಅದರ ದೀರ್ಘಾಕ್ಷ ಆಗ್ನೇಯ–ವಾಯವ್ಯ ದಿಕ್ಕಿನದು. ಉಲ್ಕೆ ಸಾಗಿದ್ದು ಈ ರೇಖೆಯಲ್ಲೇ ಎಂಬುದು ಆತನ ನಿರ್ಣಯ. ಆ ರೇಖೆ ಅಂದಿನ ಕಾಂತೀಯ ಯಾಮ್ಯೋತ್ತರದೊಂದಿಗೆ ಹೊಂದುತ್ತದೆಂಬುದನ್ನೂ ಆತ ಒತ್ತಿ ಹೇಳಿದ್ದಾನೆ. ಇಂದು ಅದು ಆಕಸ್ಮಿಕವೆಂದೇ ತೋರುತ್ತದೆ. ಹೆಚ್ಚು ಮುಖ್ಯವಾದುದು ಆತ ದಾಖಲಿಸಿದ ಇನ್ನೊಂದು ಸಂಗತಿ: ದೊಡ್ಡ ಕಲ್ಲುಗಳೆಲ್ಲ ಆಗ್ನೇಯದ ತುದಿಯಲ್ಲಿ, ಚಿಕ್ಕವು ವಾಯವ್ಯದಲ್ಲಿ, ಮಧ್ಯಮ ಗಾತ್ರದವು ನಡುವೆ. ಅತಿ ದೊಡ್ಡದರ ತೂಕ ಸುಮಾರು ಎಂಟೂವರೆ ಕಿಲೋಗ್ರಾಂ. ವಾಯುವಿನ ಪ್ರತಿರೋಧದಲ್ಲಿ ಹಗುರವಾದ ತುಣುಕುಗಳು ಬೇಗನೆ ವೇಗ ಕಳೆದುಕೊಳ್ಳುತ್ತವೆ, ಭಾರವಾದವು ಮುಂದೆ ಸಾಗುತ್ತವೆ. ಈ ತತ್ತ್ವವನ್ನು ಅನ್ವಯಿಸಿದರೆ ಉಲ್ಕೆ ವಾಯವ್ಯದಿಂದ ಆಗ್ನೇಯಕ್ಕೆ ಹಾರಿತೆಂದು ಊಹಿಸಬೇಕಾಗುತ್ತದೆ. ಮೇಲ್ಗಾಳಿಯು ಚಿಕ್ಕ ಕಲ್ಲುಗಳನ್ನು ಪಕ್ಕಕ್ಕೆ ಸರಿಸಬಲ್ಲದೆಂಬ ಎಚ್ಚರಿಕೆ ಮಾತ್ರ ಅಗತ್ಯ.

ಕಲ್ಲುಗಳ ಮೂಲವನ್ನು ಕುರಿತೂ ಬಿಯೊ ಹೀಗೆಯೇ ವಿಚಾರ ಮಾಡಿದನು. ಆ ಪ್ರದೇಶದ ಗಣಿ, ಕುಲುಮೆ, ಖನಿಜಸಂಗ್ರಹಗಳಲ್ಲಿ ಎಲ್ಲಿಯೂ ಇಂಥ ಶಿಲೆಯಿರಲಿಲ್ಲ. ಹತ್ತಿರದಲ್ಲಿ ಜ್ವಾಲಾಮುಖಿಯೂ ಇಲ್ಲ. ಜುಲೈ ತಿಂಗಳಲ್ಲಿ ಆತ ಪ್ಯಾರಿಸಿನಲ್ಲಿ ಓದಿದ ವರದಿಯಲ್ಲಿ ರೈತರ ಮಾತಿಗೂ ಪಾದ್ರಿಗಳ ಮಾತಿಗೂ ಸಮಾನ ಸ್ಥಾನ ದೊರೆಯಿತು.

1959ರ ಏಪ್ರಿಲ್ 7ರಂದು ಚೆಕೊಸ್ಲೊವಾಕಿಯಾದ ಪ್ರಿಬ್ರಾಮ್ ಬಳಿ ಬಿದ್ದ ಉಲ್ಕೆಯನ್ನು ಎರಡು ನೆಲೆಗಳ ಕ್ಯಾಮೆರಾಗಳು ಸೆರೆಹಿಡಿದುದರಿಂದ, ಅದರ ವೇಗವನ್ನು ಅಳೆದು ಕ್ಷುದ್ರಗ್ರಹ ಪಟ್ಟಿಯವರೆಗೆ ಚಾಚಿದ ಕಕ್ಷೆಯನ್ನು ಸೆಪ್ಲೆಖಾ ಗಣಿಸಿದನು. ಲೇಗ್ಲ್‌ನ ಸಾಕ್ಷಿಗಳು ದಿಕ್ಕನ್ನು ಉಳಿಸಿಕೊಟ್ಟರು. ವೇಗವನ್ನು ಅಳೆಯುವ ಸಾಧನ ಅವರಲ್ಲಿರಲಿಲ್ಲವಾಗಿ ಆ ಕಲ್ಲುಗಳ ಕಕ್ಷೆಯನ್ನು ಗಣಿಸಲು ಆಧಾರವಿಲ್ಲ.